ನನ್ನ ತೂಕದ ಮರಳುಮೂಟೆ

ವೇದಿಕೆಯ ನಟ್ಟನಡುವೆ ಕುಳಿತು ಈಗಾಗಲೇ ಒಮ್ಮೆ ಕೈಗಡಿಯಾರ ನೋಡಿಕೊಂಡಿರುವ, ನಿವಾಸಿಗಳ ಸಂಘದ ಮಾನ್ಯ ಅಧ್ಯಕ್ಷೆಯವರೇ, ಮುಖ್ಯ ಕಚೇರಿಯಿಂದ ಬಂದು, ಅಷ್ಟೂ ಮೆಟ್ಟಿಲು ಹತ್ತಿ, ಇನ್ನೂ ಉಸಿರು ಹಿಂತಿರುಗದೆ ಕುಳಿತಿರುವ ನಮ್ಮ ಹಿರಿಯ ಅಧಿಕಾರಿಗಳೇ, ಈ ಕಟ್ಟಡದ ನಿವಾಸಿ ಬಂಧುಗಳೇ, ಮೊದಲ ಸಾಲಿನಲ್ಲಿ ನನ್ನನ್ನೇ ದಿಟ್ಟಿಸುತ್ತಿರುವ ನನ್ನ ತಂಡದವರೇ, ಕುರ್ಚಿ ಸಿಗದೆ ಗೋಡೆಗೊರಗಿ ನಿಂತಿರುವ ಸಹೃದಯ ಸಭಿಕರೇ!

ಮೈಕು ಬೇಡ, ದಯವಿಟ್ಟು ಅದನ್ನು ಪಕ್ಕಕ್ಕೆ ಸರಿಸಿ. ನಾಟಕ ಕಂಪನಿಯಲ್ಲಿ ಹುಟ್ಟಿ, ವೇಷಭೂಷಣದ ಪೆಟ್ಟಿಗೆಗಳ ಮೇಲೆ ಮಲಗಿ ಬೆಳೆದ ಗಂಟಲು ಇದು. ಕೊನೆಯ ಸಾಲಿನಲ್ಲಿ ಗೊರಕೆ ಹೊಡೆಯುವವನನ್ನು ಎಬ್ಬಿಸಬೇಕು, ಎಬ್ಬಿಸಿ ಅಳಿಸಬೇಕು, ಅಳಿಸಿ ನಗಿಸಬೇಕು. ನಮ್ಮ ಪಾಠಶಾಲೆ ಅದು. ಈ ಸಭಾಂಗಣ ಯಾವ ಲೆಕ್ಕ?

ಎಲ್ಲರೂ ಮೆಟ್ಟಿಲು ಹತ್ತಿಯೇ ಬಂದಿರಿ. ಕಂಬಿ ಹಿಡಿದು, ಅಲ್ಲಲ್ಲಿ ನಿಂತು, "ಇನ್ನೆಷ್ಟು ಮಹಡಿ ರೀ?" ಎಂದು ಕೇಳುತ್ತ ಬಂದಿರಿ. ಕಟ್ಟಡದ ತುತ್ತತುದಿಯಲ್ಲಿ ಸಭಾಂಗಣ ಕಟ್ಟಿದ ಪುಣ್ಯಾತ್ಮ ಯಾರೋ, ಅವನನ್ನು ಬೈಯುತ್ತ ಬಂದಿರಿ. ಆದರೆ ಒಂದು ಸಂಗತಿ ಗಮನಿಸಿದಿರಾ? ನನ್ನನ್ನು ದಾಟಿ ಮುಂದೆ ಹೋದವರು ಯಾರೂ ಇಲ್ಲ! ಈ ವಯಸ್ಸಿನಲ್ಲಿ, ಈ ಹೊಟ್ಟೆಯನ್ನು ಹೊತ್ತುಕೊಂಡು, ನಾನೇ ಮೊದಲು ಮುಟ್ಟಿದೆ. ಅಭ್ಯಾಸ ಸ್ವಾಮಿ, ಅಭ್ಯಾಸ! ಅದು ಯಾಕೆ ಅಭ್ಯಾಸವಾಯಿತು ಎಂಬುದಕ್ಕೆ ಆಮೇಲೆ ಬರೋಣ. ಬರದಿದ್ದರೂ ನಷ್ಟವಿಲ್ಲ.

ಈ ಸಭೆ ಯಾಕೆ ಸೇರಿದೆ ಎಂಬುದು ತಮಗೆ ಗೊತ್ತೇ ಇದೆ. ಆದರೂ ಹೇಳುತ್ತೇನೆ, ಗೊತ್ತಿರುವುದನ್ನು ಹೇಳದಿದ್ದರೆ ಅದು ಭಾಷಣವೇ ಅಲ್ಲ. ಈ ಕಟ್ಟಡದ ಲಿಫ್ಟು ತಿಂಗಳುಗಟ್ಟಲೆ ಸತ್ತು ನಿಂತಿತ್ತು. ಅಧ್ಯಕ್ಷೆಯವರು ವಾಸವಿರುವುದು ಈ ಸಭಾಂಗಣದ ಕೆಳಗಿನ ಮಹಡಿಯಲ್ಲಿ; ಅವರ ಮೊಣಕಾಲು ಅವರನ್ನು ಅಷ್ಟು ದಿನವೂ ಮನೆಯಲ್ಲೇ ಕೂರಿಸಿತು. ರಸ್ತೆಯನ್ನು ಕಿಟಕಿಯಿಂದಲೇ ನೋಡಿದರು. ಈಗ ನನ್ನ ತಂಡ ಆ ಲಿಫ್ಟಿಗೆ ಜೀವ ಕೊಟ್ಟಿದೆ. ಪರೀಕ್ಷೆಗಳೆಲ್ಲ ಮುಗಿದಿವೆ. ಈ ಭಾಷಣ ಮುಗಿದ ತಕ್ಷಣ ಅದು ಮೊದಲ ಸಲ ಮನುಷ್ಯರನ್ನು ಹೊತ್ತು ಇಳಿಯಲಿದೆ. ಭಾಷಣ ಮುಗಿದ ತಕ್ಷಣ ಎಂದೆ. ಆದ್ದರಿಂದ ನಮಗೇನೂ ಆತುರವಿಲ್ಲ.

ಯಾರು ಇಳಿಯುತ್ತಾರೆ? ನನ್ನ ತಂಡದವರು. ಮತ್ತೆ ಯಾರು? ಸಭಾಂಗಣದ ಬಾಗಿಲಲ್ಲೇ ಅಧ್ಯಕ್ಷೆಯವರು ನನ್ನನ್ನು ಹಿಡಿದು ನಿಲ್ಲಿಸಿದರು. ವೃತ್ತಿಯಲ್ಲಿ ವಕೀಲರಾಗಿದ್ದವರು, ಪಾಟೀಸವಾಲು ಬಿಟ್ಟಿಲ್ಲ. "ನೋಡಿ ಮ್ಯಾನೇಜರೇ, ಜೀವನಪೂರ್ತಿ ಕಾಗದ ಓದಿದೀನಿ, ಅದಕ್ಕೇ ಕಾಗದ ನಂಬಲ್ಲ. ನಿಮ್ಮ ಮೂಟೆ ವಿಷಯಾನೂ ಕೇಳಿದೀನಿ; ನಿನ್ನೆ ನಿಮ್ಮವರಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ನಿಮ್ಮವರ ಜೊತೆ ನೀವೂ ಕೆಳಗೆ ಇಳೀರಿ, ವಾಪಸ್ ಮೇಲೆ ಬನ್ನಿ. ಬಾಗಿಲು ತೆಗೆದಾಗ ನಿಮ್ಮ ಮುಖ ಕಂಡ್ರೆ ಸಹಿ ಹಾಕ್ತೀನಿ. ಮೂಟೆ ಕಂಡ್ರೆ ಇಲ್ಲ."

ಸಹಿ ಯಾವುದಕ್ಕೆ? ಈ ಕಟ್ಟಡದ ಮತ್ತು ಇದರ ಅಕ್ಕಪಕ್ಕದ ಎಲ್ಲ ಕಟ್ಟಡಗಳ ಲಿಫ್ಟುಗಳನ್ನು ಮುಂದೆ ನಾವೇ ನೋಡಿಕೊಳ್ಳುವ ಒಪ್ಪಂದಕ್ಕೆ. ಆ ಸಹಿ ಬಿದ್ದರೆ ನಮ್ಮ ತಂಡ ಉಳಿಯುತ್ತದೆ. ಬೀಳದಿದ್ದರೆ, ಇಲ್ಲಿ ಕುಳಿತಿರುವ ಹಿರಿಯ ಅಧಿಕಾರಿಗಳ ಚೀಲದಲ್ಲಿ ತಂಡವನ್ನು ಮುಚ್ಚುವ ಆದೇಶ ಸಿದ್ಧವಾಗಿದೆ. ಚೀಲವನ್ನು ಕಾಲ ಕೆಳಗೆ ಸರಿಸಬೇಡಿ ಸರ್, ಎಲ್ಲರಿಗೂ ಗೊತ್ತಿದೆ. ಒಬ್ಬರು ಒಂದು ಊರಿಗೆ, ಇನ್ನೊಬ್ಬರು ಇನ್ನೊಂದು ಊರಿಗೆ, ಮತ್ತೊಬ್ಬ ಸೀದಾ ಮನೆಗೆ.

ಮೂಟೆ ಎಂದರೇನು ಎಂದು ನಿವಾಸಿಗಳು ಪರಸ್ಪರ ಮುಖ ನೋಡಿಕೊಳ್ಳುತ್ತಿದ್ದೀರಿ. ಹೇಳುತ್ತೇನೆ. ನೀರು ಕುಡಿದು ಹೇಳುತ್ತೇನೆ.

ಒಂದು ವರ್ಷದ ಹಿಂದೆ ನಾನು ಮ್ಯಾನೇಜರ್ ಆಗಿರಲಿಲ್ಲ. ನೆಲಮಾಳಿಗೆಯ ಒಂದು ಕೋಣೆಯಲ್ಲಿ ದೂರವಾಣಿ ಹಿಡಿದು ಕುಳಿತಿದ್ದೆ. ಲಿಫ್ಟಿನೊಳಗೆ ಸಿಕ್ಕಿಕೊಂಡವರು ಗುಂಡಿ ಒತ್ತಿದರೆ ಆ ಕರೆ ಬರುತ್ತಿದ್ದದ್ದು ನನಗೆ. ಅಳುತ್ತಿದ್ದರು, ಕೂಗುತ್ತಿದ್ದರು, ನಮ್ಮ ಕಂಪನಿಯ ವಂಶವನ್ನೇ ಉದ್ಧಾರ ಮಾಡುತ್ತಿದ್ದರು. ನಾನು ಎದೆ ತುಂಬ ಉಸಿರೆಳೆದು, "ಗಾಬರಿ ಬೇಡ! ನಾನಿದ್ದೇನೆ!" ಎಂದು ಗುಡುಗುತ್ತಿದ್ದೆ. ಅರ್ಧ ಭಯ ಅಲ್ಲಿಗೇ ಇಳಿಯುತ್ತಿತ್ತು. ಉಳಿದರ್ಧಕ್ಕೆ ನಾಟಕದ ಕಥೆ ಹೇಳುತ್ತಿದ್ದೆ. ರಾಜ, ಮಂತ್ರಿ, ವಿದೂಷಕ, ಎಲ್ಲ ಪಾತ್ರವೂ ನನ್ನದೇ. ಬಾಗಿಲು ತೆರೆದು ಬಿಡಿಸಲು ಹೋದ ನಮ್ಮವರಿಗೆ ಒಬ್ಬ ಮಹಾಶಯ, "ಸ್ವಲ್ಪ ತಾಳ್ರೀ, ಮಂತ್ರಿ ಸಿಕ್ಕಿಬೀಳೋ ಹೊತ್ತು" ಎಂದು ಒಳಗಿನಿಂದಲೇ ಕೈ ತೋರಿಸಿದ್ದುಂಟು.

ಆಗ ಈ ತಂಡ ಹೇಗಿತ್ತು? ನಿಜ ಹೇಳಲೇ? ಮುಳುಗುತ್ತಿತ್ತು. ಇವತ್ತು ರಿಪೇರಿ ಮಾಡಿದ ಲಿಫ್ಟು ಮುಂದಿನ ವಾರವೇ ನಿಲ್ಲುತ್ತಿತ್ತು. ಒಬ್ಬ ಮ್ಯಾನೇಜರ್ ಬಂದರು, ಓಡಿದರು. ಇನ್ನೊಬ್ಬರು ಬಂದರು, ಓಡಿದರು. ಮತ್ತೊಬ್ಬರು ಬರುವ ಮೊದಲೇ ಓಡಿದರು. ಕೊನೆಗೆ ಹಿರಿಯ ಅಧಿಕಾರಿಗಳು ನನ್ನನ್ನು ಕರೆಸಿ, "ನಿಮಗೆ ಗಂಟಲಿದೆ. ಆ ತಂಡಕ್ಕೆ ಬೇಕಾಗಿರೋದು ಗಂಟಲು. ನಾಳೆಯಿಂದ ನೀವೇ ಮ್ಯಾನೇಜರ್" ಎಂದರು. ನನ್ನ ಹೆಂಡತಿ ಹಿಗ್ಗಿದಳು. ನನ್ನ ಮಗಳು ಮಾತ್ರ ಕೇಳಿದಳು: "ಅಪ್ಪಾ, ಲಿಫ್ಟ್ ಕಂಪನಿ ಮ್ಯಾನೇಜರ್ ಅಂದ್ರೆ ಲಿಫ್ಟಲ್ಲಿ ಹೋಗ್ಬೇಕಲ್ವಾ?"

ಮಕ್ಕಳಿಗೆ ಬುದ್ಧಿ ಬೆಳೆಯಬಾರದು ಸಭಿಕರೇ, ಇಷ್ಟು ಬೇಗ ಬೆಳೆಯಬಾರದು.

ಇರಲಿ. ನನ್ನ ತಂಡವನ್ನು ಪರಿಚಯಿಸುತ್ತೇನೆ. ಕನ್ನಡಕ ಹಾಕಿಕೊಂಡು, ಮೀಸೆ ತಿರುವುತ್ತ ಕುಳಿತಿರುವವರು ಮೋಟಾರು ಮಾವ. ಕಟ್ಟಡದ ನೆತ್ತಿಯ ಮೇಲೆ ಯಂತ್ರದ ಕೋಣೆ ಇರುತ್ತದಲ್ಲ, ಅಲ್ಲಿನ ಚಕ್ರವರ್ತಿ. ಅವರ ಪಕ್ಕದಲ್ಲಿ ಒಂದು ಕುರ್ಚಿ ಖಾಲಿ ಬಿಟ್ಟು ಕುಳಿತಿರುವವರು ಬಾಗಿಲಕ್ಕ. ಮಹಡಿ ಮಹಡಿಯ ಬಾಗಿಲುಗಳೆಲ್ಲ ಅವರ ಸಾಮ್ರಾಜ್ಯ. ಕೊನೆಯಲ್ಲಿ, ಕುಳಿತರೂ ನಿಂತಂತೆ ಕಾಣುವ ಆ ಉದ್ದನೆಯ ವ್ಯಕ್ತಿಗೆ ಲೆವೆಲ್ ಎಂದು ಹೆಸರು. ಲಿಫ್ಟಿನ ನೆಲವೂ ಮಹಡಿಯ ನೆಲವೂ ಸಮವಾಗಿ ನಿಲ್ಲುವಂತೆ ನೋಡಿಕೊಳ್ಳುವುದು ಅವನ ಕೆಲಸ.

ಮೇಲಿನ ಚಕ್ರವರ್ತಿಗೂ ಕೆಳಗಿನ ಮಹಾರಾಣಿಗೂ ಮಾತಿರಲಿಲ್ಲ. ಲಿಫ್ಟು ನಿಂತರೆ ಮಾವ ಮೇಲಿನಿಂದ, "ಲೆವೆಲ್ಲೂ, ತೊಂದ್ರೆ ಬಾಗಿಲಲ್ಲಿದೆ ಅಂತ ಹೇಳು ಆಯಮ್ಮಂಗೆ" ಎನ್ನುವುದು. ಅಕ್ಕ ಕೆಳಗಿನಿಂದ, "ಲೆವೆಲ್ಲೂ, ಮೋಟಾರಲ್ಲಿದೆ ಅಂತ ಹೇಳಪ್ಪ ಆ ಮಹಾನುಭಾವರಿಗೆ" ಎನ್ನುವುದು. ಪಾಪ ಲೆವೆಲ್, ಇಬ್ಬರ ನಡುವೆ ಮೆಟ್ಟಿಲು ಹತ್ತಿ ಇಳಿದು ಇಳಿದೇ ಅಷ್ಟು ಉದ್ದವಾದನೋ ಏನೋ.

ಇಷ್ಟೆಲ್ಲ ಜಗಳವಿದ್ದರೂ ಒಂದು ಪದ್ಧತಿಯನ್ನು ಮಾತ್ರ ಅವರು ಬಿಟ್ಟಿರಲಿಲ್ಲ. ರಿಪೇರಿ ಮುಗಿದ ಮೇಲೆ ಲಿಫ್ಟಿನಲ್ಲಿ ಮೊದಲು ಹೋಗುವವರು ಅವರೇ. ಎಲ್ಲರೂ ಒಟ್ಟಿಗೆ, ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ. ಕೈಯಲ್ಲಿ ಸಲಕರಣೆ ಇರಬಾರದು. ಸ್ಪ್ಯಾನರು, ತಿರುಪುಳಿ, ಟಾರ್ಚು, ಎಲ್ಲವನ್ನೂ ಬಾಗಿಲ ಹೊರಗೆ ಸಾಲಾಗಿ ಇಟ್ಟು ಒಳಗೆ ಕಾಲಿಡಬೇಕು. ಯಾಕೆ ಎಂದು ಮೊದಲ ದಿನ ಕೇಳಿದೆ. ಬಾಗಿಲಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಸ್ಪ್ಯಾನರ್ ಹಿಡ್ಕೊಂಡು ಒಳಗೆ ಹೋಗೋನಿಗೆ ತಾನು ಮಾಡಿದ ಕೆಲಸದ ಮೇಲೇ ನಂಬಿಕೆ ಇಲ್ಲ ಅಂತ ಸಾರ್. ಬನ್ನಿ, ಹತ್ತಿ. ಮ್ಯಾನೇಜರ್ ಇಲ್ದೆ ನಾವು ಗುಂಡಿ ಒತ್ತಲ್ಲ."

ಆಗ ನನಗೊಂದು ತುರ್ತು ಕರೆ ಬಂತು. ಎರಡನೆಯ ಸಲ ಕಾಲು ಉಳುಕಿತು. ಮೂರನೆಯ ಸಲ ಶೂಲೇಸು ಬಿಚ್ಚಿಕೊಂಡಿತು; ಅದನ್ನು ಕಟ್ಟುತ್ತ ಕುಳಿತವನು ಅವರು ಕೆಳಗಿಳಿಯುವ ತನಕ ಏಳಲಿಲ್ಲ. ಅದು ಲೇಸಿಲ್ಲದ ಶೂ ಎಂಬುದನ್ನು ಲೆವೆಲ್ ಮಾತ್ರ ಗಮನಿಸಿದ್ದ.

ಯಾಕೆ ನಗುತ್ತೀರಿ? ಆಡಳಿತದಲ್ಲಿರುವವರಿಗೆ ಸಾವಿರ ಒತ್ತಡ. ಕೊನೆಗೆ ಒಂದು ದಿನ ಗಂಭೀರವಾಗಿ ಹೇಳಿದೆ: "ನೋಡಿ, ಪ್ರತಿ ಸಲ ನಾನು ಬರೋಕಾಗಲ್ಲ. ನಿಮಗೆ ಬೇಕಾಗಿರೋದು ನನ್ನ ತೂಕ ತಾನೇ? ನನ್ನ ಬದಲು ಒಂದು ಮರಳುಮೂಟೆ ಇಟ್ಕೊಳ್ಳಿ."

ಬಾಗಿಲಕ್ಕ, "ಎಷ್ಟು ತೂಕದ್ದು ಇಡೋಣ ಸಾರ್?" ಎಂದರು.

ನಾನೊಂದು ತೂಕ ಹೇಳಿದೆ.

"ಅದು ನಿಮ್ಮ ಮದುವೆ ಟೈಮಿನ ತೂಕ ಇರ್ಬೇಕು."

ಆಗ ಯಂತ್ರದ ಕೋಣೆಯ ಕಿಂಡಿಯಿಂದ ಮಾವನ ತಲೆ ಹೊರಬಂತು. "ಅದ್ರ ಮೇಲೆ ಇನ್ನೂ ಅರ್ಧ ಮೂಟೆ ಹಾಕು."

"ಅರ್ಧ ಯಾಕೆ? ಕಾಲು ಸಾಕು. ಅಂಥಾ ಎತ್ತರ ಏನಿಲ್ಲ ಅವರು."

"ಎತ್ತರ ಕಟ್ಕೊಂಡು ಏನ್ಮಾಡ್ತೀಯಾ, ಅಗಲ ನೋಡು ತಾಯಿ!"

"ಅಗಲ ಎಲ್ಲಾ ಗಾಳಿ. ಹೊಟ್ಟೇಲಿ ಬರೀ ಭಾಷಣ ಇದೆ."

ಲೆವೆಲ್ ಬಾಯಿ ತೆರೆದು ನಿಂತಿದ್ದ. ಏನಾಗಿತ್ತು ಗೊತ್ತೆ? ವರ್ಷಗಳ ಮೇಲೆ ಆ ಇಬ್ಬರು ನೇರವಾಗಿ ಮಾತಾಡಿಕೊಂಡಿದ್ದರು! ಯಾವ ಸಂಧಾನವೂ ಮಾಡದ ಕೆಲಸವನ್ನು ನನ್ನ ಹೊಟ್ಟೆ ಮಾಡಿತು. ಮಹನೀಯರೇ, ಆಡಳಿತದ ಪುಸ್ತಕಗಳನ್ನು ಓದಿದ್ದೇನೆ. ಬೆಳಗಿನ ಸಭೆ ನಡೆಸಿದ್ದೆ. ಗೋಡೆಗೆ ಬಣ್ಣಬಣ್ಣದ ಪಟ್ಟಿ ಅಂಟಿಸಿದ್ದೆ. ಏನೂ ಆಗಿರಲಿಲ್ಲ. ನನ್ನ ದಪ್ಪ ಎಷ್ಟು ಎಂಬ ಪ್ರಶ್ನೆಯೊಂದು ತಂಡವನ್ನು ಒಂದುಗೂಡಿಸಿತು.

ಹೀಗೆ ಮೂಟೆ ಹುಟ್ಟಿತು. ಲೆವೆಲ್ ಅದಕ್ಕೆ ನನ್ನ ಹಳೆಯ ಟೈ ಕಟ್ಟಿದ. ಸಾಹೇಬ್ರು ಎಂದು ಹೆಸರಿಟ್ಟರು. "ಸಾಹೇಬ್ರು ವ್ಯಾನ್ ಹತ್ತಿದ್ರಾ?" "ಹತ್ತಿದ್ರು, ಮೂಲೇಲಿ ಕೂತಿದ್ದಾರೆ, ಮುಖ ಗಂಟು ಹಾಕ್ಕೊಂಡು." ನಾನು ಸ್ವಲ್ಪ ದಪ್ಪವಾದಾಗ ಒಂದು ಬೊಗಸೆ ಮರಳು ಸೇರಿಸಿದರು. ಜ್ವರ ಬಂದು ಇಳಿದಾಗ ತೆಗೆದರು. ನನ್ನ ಮನೆಯವರಿಗಿಂತ ಸರಿಯಾಗಿ ನನ್ನ ಆರೋಗ್ಯ ನೋಡಿಕೊಂಡವರು ಇವರು. ಒಂದು ಕಟ್ಟಡದಲ್ಲಂತೂ ಕಾವಲುಗಾರ ಆ ಮೂಟೆಗೆ ಎದ್ದು ನಿಂತು ಸಲಾಮು ಹೊಡೆದ. ಹಿಂದೆ ನಡೆದು ಬಂದ ನನ್ನನ್ನು ಮಾತ್ರ, "ಯಾರ್ರೀ ಬೇಕಿತ್ತು?" ಎಂದು ತಡೆದ.

ನಾನು ಎಲ್ಲಿರುತ್ತಿದ್ದೆ? ಮೆಟ್ಟಿಲ ಮೇಲೆ. ಲಿಫ್ಟು ಇಳಿಯುವಾಗ ಪಕ್ಕದ ಮೆಟ್ಟಿಲಲ್ಲಿ ನಾನೂ ಇಳಿಯುತ್ತಿದ್ದೆ, ಅದು ಏರುವಾಗ ಏರುತ್ತಿದ್ದೆ. ಅದಕ್ಕೇ ಈ ಅಭ್ಯಾಸ. ಹಳೆಯ ಕಟ್ಟಡಗಳ ಲಿಫ್ಟಿಗೆ ಜಾಲರಿಯ ಬಾಗಿಲು. ಒಳಗಿನ ಪಿಸುಮಾತೂ ಮೆಟ್ಟಿಲಿಗೆ ಕೇಳುತ್ತದೆ. ಒಂದು ದಿನ ಬಾಗಿಲಕ್ಕನ ಧ್ವನಿ: "ಸಾಹೇಬ್ರೇ, ನಮ್ಮ ವ್ಯಾನಿನ ಹಿಂದಿನ ಸೀಟು ಮುರಿದು ಎಷ್ಟು ಕಾಲ ಆಯ್ತು ಗೊತ್ತಾ? ನೀವು ಮರಳು, ನಿಮಗೆ ಸೊಂಟ ಇಲ್ಲ. ನಮಗಿದೆ." ಮರುವಾರ ಸೀಟು ಬದಲಾಯಿತು. ಇನ್ನೊಂದು ದಿನ ಲೆವೆಲ್: "ಸಾಹೇಬ್ರೇ, ಕೈಗವಸು ತೂತಾಗಿದೆ. ನಿಮಗೆ ಕೈಯೇ ಇಲ್ಲ, ಹೇಗೆ ತಿಳೀಬೇಕು." ಕೈಗವಸು ಬಂತು. ಕ್ರಮೇಣ ಒಂದು ವಿಚಿತ್ರ ನೋಡಿದೆ: ನನ್ನ ಶೂಗಳ ಸದ್ದು ಮೆಟ್ಟಿಲಲ್ಲಿ ಕೇಳಿದ ಕೂಡಲೇ ಮೂಟೆಯ ಮುಂದಿನ ಅಹವಾಲುಗಳು ಜೋರಾಗುತ್ತಿದ್ದವು. ಅವರಿಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂದೂ ಅವರಿಗೆ ಗೊತ್ತಿತ್ತು. ಆದರೂ ಎರಡೂ ಕಡೆಯವರು ಮೂಟೆಯ ಮರ್ಯಾದೆ ಕಾಪಾಡಿಕೊಂಡು ಬಂದೆವು.

ಒಂದೇ ಒಂದು ದಿನ ಧ್ವನಿ ತಗ್ಗಿತು. ಮಾವನ ಧ್ವನಿ. "ಸಾಹೇಬ್ರೇ, ನನ್ನ ಕಣ್ಣು ಮೊದಲಿನ ಹಾಗಿಲ್ಲ. ಸಣ್ಣ ವೈರಿನ ಬಣ್ಣ ತಿಳಿಯಲ್ಲ. ಅಂದಾಜಲ್ಲಿ ಕಟ್ತಾ ಇದೀನಿ. ಯಾರಿಗೂ ಹೇಳ್ಬೇಡಿ." ಲಿಫ್ಟು ಇಳಿಯುತ್ತಲೇ ಇತ್ತು. ಆಮೇಲೆ ಅಕ್ಕನ ಧ್ವನಿ. "ಇದನ್ನ ಮೊದಲೇ ಬೊಗಳಬಾರದಿತ್ತಾ ಮಾರಾಯ? ನಾನು ನೋಡಿ ಹೇಳ್ತೀನಿ, ನೀನು ಕಟ್ಟು." ಅಂದಿನಿಂದ ಅಕ್ಕ ಬಣ್ಣ ಹೇಳಿದರು, ಮಾವ ಗಂಟು ಹಾಕಿದರು. ಅಂದಿನಿಂದ ನಾವು ರಿಪೇರಿ ಮಾಡಿದ ಒಂದು ಲಿಫ್ಟೂ ಮತ್ತೆ ನಿಂತಿಲ್ಲ.

ಅಯ್ಯೋ. ಇದನ್ನು ನಾನು ಹೇಳಬಾರದಿತ್ತು. ಹಿರಿಯ ಅಧಿಕಾರಿಗಳೇ, ತಾವು ಅದನ್ನು ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಂಡಿದ್ದರೆ ಇದನ್ನೂ ಕೇಳಿಸಿಕೊಳ್ಳಿ: ಈಗ ಕನ್ನಡಕ ಬಂದಿದೆ. ಮಾವ, ಎದ್ದು ನಿಂತು ತೋರಿಸಿ. ಎಷ್ಟು ದಪ್ಪ ನೋಡಿ ಗಾಜು! ಅದರಲ್ಲಿ ಇರುವೆಯ ಹುಬ್ಬೂ ಕಾಣುತ್ತದೆ. ಕೂತ್ಕೊಳ್ಳಿ ಮಾವ, ಬೈಯಬೇಡಿ, ಆಮೇಲೆ ಬೈಯುವಿರಂತೆ.

ಸಂಘದ ಕಾರ್ಯದರ್ಶಿಗಳು ಒಂದು ಚೀಟಿ ಕಳಿಸಿದ್ದಾರೆ. "ಬೇಗ ಮುಗಿಸಿ" ಎಂದಿದೆ. ಮುಗಿಸುತ್ತೇನೆ. ಮುಗಿಸಲೆಂದೇ ನಿಂತಿದ್ದೇನೆ. ಆದರೆ ಅಧ್ಯಕ್ಷೆಯವರಿಗೆ ನಾನೊಂದು ಉತ್ತರ ಬಾಕಿ ಉಳಿಸಿಕೊಂಡಿದ್ದೇನೆ. ಅದನ್ನು ಕೊಡದೆ ಹೇಗೆ ಮುಗಿಸಲಿ?

ನಾನು ನೆಲಮಾಳಿಗೆಯಲ್ಲಿದ್ದ ಕಾಲದಲ್ಲಿ ಅಧ್ಯಕ್ಷೆಯವರು ಇದೇ ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದರು. ಅವರು ಅಳಲಿಲ್ಲ. "ಯಾವ ಕಾನೂನಿನ ಪ್ರಕಾರ ನನ್ನನ್ನ ಇಲ್ಲಿ ಕೂಡಿಹಾಕಿದೀರಿ?" ಎಂದರು. ನಾನು ಹೆದರಿ, ನನ್ನಲ್ಲಿದ್ದ ಅತ್ಯುತ್ತಮ ಕಥೆ ಹೇಳಿದೆ. ಚಂದ್ರನ ಕಥೆ.

ನಾನು ಚಂದ್ರನಾಗಿದ್ದೆ, ಸಭಿಕರೇ. ಚಿಕ್ಕವನಿದ್ದಾಗ ನಮ್ಮ ಕಂಪನಿಯ ನಾಟಕದಲ್ಲಿ ನನ್ನ ಮೊದಲ ಪಾತ್ರ. ತಗಡಿನ ಬಿದಿಗೆ ಚಂದ್ರ, ಅದರ ಮಡಿಲಲ್ಲಿ ಮೈಗೆಲ್ಲ ಬೆಳ್ಳಿಬಣ್ಣ ಬಳಿದ ನಾನು. ಪಕ್ಕದ ಪರದೆಯ ಮರೆಯಲ್ಲಿ ನಿಂತು ಅಪ್ಪ ಹಗ್ಗ ಎಳೆದರೆ ನಾನು ಏರುತ್ತಿದ್ದೆ, ಬಿಟ್ಟರೆ ಇಳಿಯುತ್ತಿದ್ದೆ. ಕಂಪನಿಯ ಹಗ್ಗಗಳೆಲ್ಲ ಅಪ್ಪನವು. ಕೆಳಗೆ ರಂಗದ ಮೇಲೆ ಅಮ್ಮ, ಮಹಾರಾಣಿ. "ಓ ಚಂದ್ರಮಾ! ಕಾಡಿಗಟ್ಟಲ್ಪಟ್ಟ ನನ್ನ ದೊರೆಯನ್ನು ಕಂಡೆಯಾ?" ಎಂದು ಅಮ್ಮ ಕೇಳಿದರೆ ನಾನು ಮೆಲ್ಲನೆ ತಲೆಯಾಡಿಸಬೇಕು. ಅಷ್ಟೇ ಪಾತ್ರ.

ಒಂದು ದಿನ ಚಂದ್ರ ಇಳಿಯಲಿಲ್ಲ! ಬೆಳಗಾಗುವ ದೃಶ್ಯ ಬಂತು, ಚಂದ್ರ ಅಲ್ಲೇ. ರಾಜ ಬಂದು, "ಆಹಾ, ನಡುಹಗಲಿನ ಸೂರ್ಯ ಹೇಗೆ ಉರಿಯುತ್ತಿದ್ದಾನೆ!" ಎಂದ, ಮೇಲೆ ನೋಡಿದ, ಮಾತು ಮರೆತ. ಯುದ್ಧವಾಯಿತು, ಚಂದ್ರನ ಕೆಳಗೇ. ಸೇನಾಪತಿ ಬೀಸಿದ ಕತ್ತಿ ನನ್ನ ಅಂಗಾಲಿಗೆ ತಾಗಿತು. ಪ್ರೇಕ್ಷಕರು ಬಿದ್ದು ಬಿದ್ದು ನಕ್ಕರು. "ಏ ಚಂದ್ರಾ, ಮನೆಗೆ ಹೋಗೋ, ನಿಮ್ಮವ್ವ ಕರೀತಾಳೆ!" ಎಂದು ಒಬ್ಬ ಕೂಗಿದ. ದೂರವಾಣಿಯಲ್ಲಿ ಅಧ್ಯಕ್ಷೆಯವರೂ ನಕ್ಕರು. ನಕ್ಕು, "ಯಾಕೆ ಇಳೀಲಿಲ್ಲ?" ಎಂದರು. "ರಾಟೆಗೆ ಹಗ್ಗ ಸಿಕ್ಕಿಕೊಂಡಿತ್ತು ಮೇಡಂ" ಎಂದೆ. "ಆಮೇಲೆ ಹೇಗೆ ಇಳಿದ?" ಎಂದರು. ಅಷ್ಟರಲ್ಲಿ ನಮ್ಮವರು ಬಾಗಿಲು ತೆರೆದರು. ನಾನು ಬಚಾವಾದೆ.

ಇವತ್ತು ಸಭಾಂಗಣದ ಬಾಗಿಲಲ್ಲಿ ಅವರು ನನ್ನ ಧ್ವನಿ ಗುರುತು ಹಿಡಿದರು. "ನೀವು ಚಂದ್ರ ಅಲ್ವಾ? ಹೇಗೆ ಇಳಿದಿರಿ ಅಂತ ಹೇಳಲೇ ಇಲ್ಲ."

ರಾಟೆಗೆ ಹಗ್ಗ ಸಿಕ್ಕಿಕೊಂಡಿರಲಿಲ್ಲ, ಮೇಡಂ. ರಾಟೆ ಚೆನ್ನಾಗಿತ್ತು. ಎಣ್ಣೆ ಹಾಕಿದ್ದರು. ಹಗ್ಗವನ್ನು ಗೂಟಕ್ಕೆ ಬಿಗಿಯಾಗಿ ಸುತ್ತಿ ಗಂಟು ಹಾಕಲಾಗಿತ್ತು. ಅಂಥ ಅಚ್ಚುಕಟ್ಟಾದ ಗಂಟು ಅಪ್ಪನಿಗೆ ಬಿಟ್ಟರೆ ಯಾರಿಗೂ ಬರುತ್ತಿರಲಿಲ್ಲ. ಕಂಪನಿಯ ಯಜಮಾನರ ಜೊತೆ ಅವರಿಗೆ ಏನೋ ಮಾತಾಗಿತ್ತು. ಅಮ್ಮನ ಜೊತೆಗೂ ಆಗಿತ್ತು ಎನ್ನುತ್ತಾರೆ. ನನಗೆ ಗೊತ್ತಿಲ್ಲ. ಮೇಲಿನಿಂದ ನನಗೆ ಪರದೆಯ ಹಿಂದಿನದೆಲ್ಲ ಕಾಣುತ್ತಿತ್ತು. ಅಪ್ಪ ಅಂಗಿ ಹಾಕಿಕೊಂಡರು. ಕನ್ನಡಿಯ ಮುಂದೆ ನಿಂತು ಗುಂಡಿ ಹಾಕಿಕೊಂಡರು. ಹಿಂಬಾಗಿಲಿನಿಂದ ಹೊರಗೆ ನಡೆದರು. ಒಂದು ಸಲ ತಲೆ ಎತ್ತಿ ನೋಡಿದ್ದರೆ... ಪಾತ್ರಕ್ಕೆ ಮಾತಿರಲಿಲ್ಲವಲ್ಲ, ನಾನು ಕೂಗಲಿಲ್ಲ. ಚಂದ್ರ ಕೂಗಬಾರದು ಎಂದು ಹೇಳಿಕೊಟ್ಟವರೂ ಅವರೇ.

ಅವರು ಮತ್ತೆ ಬರಲಿಲ್ಲ. ಇದನ್ನು ಯಾಕೆ ಹೇಳಿದೆನೋ. ಇದು ಇವತ್ತಿನ ವಿಷಯವಲ್ಲ. ಲಿಫ್ಟು ಕೂಡ ಹಗ್ಗಕ್ಕೆ ಕಟ್ಟಿದ್ದೇ ಅಲ್ಲವೆ ಎಂದು, ಅಷ್ಟೇ. ಉಕ್ಕಿನದಾದರೇನು, ಹಗ್ಗ ಹಗ್ಗವೇ. ಒಳಗೆ ನಿಂತವನಿಗೆ ಅದರ ಆ ತುದಿಯಲ್ಲಿ ಯಾರಿದ್ದಾರೆ ಎಂದು ಕಾಣುವುದಿಲ್ಲ.

ನೀರು ಖಾಲಿಯಾಗಿದೆ. ಬೇಡ, ತರಬೇಡಿ.

ಈ ಬೆಳಿಗ್ಗೆ ನಡೆದದ್ದನ್ನು ಹೇಳಿಬಿಡುತ್ತೇನೆ. ನಾನು ಬೇಗ ಬಂದೆ, ಮೂಟೆಯನ್ನು ಲಿಫ್ಟಿನ ಮೂಲೆಯಲ್ಲಿ ಯಾರಿಗೂ ಕಾಣದಂತೆ ಇಡಿಸೋಣ ಎಂದು. ಕೆಳಗಿನ ಅಂಗಳದಲ್ಲಿ ಬಾಗಿಲಕ್ಕ ಮಂಡಿಯೂರಿ ಕುಳಿತಿದ್ದರು. ಮೂಟೆಯ ಬಾಯಿ ಬಿಚ್ಚಿತ್ತು. ನನ್ನನ್ನು, ಅಂದರೆ ನನ್ನ ಮರಳನ್ನು, ಬಾಗಿಲ ಪಕ್ಕದ ಹೂಕುಂಡಗಳಿಗೆ ಬೊಗಸೆ ಬೊಗಸೆಯಾಗಿ ತುಂಬುತ್ತಿದ್ದರು. ಮಾವ ಟೈ ಮಡಚುತ್ತಿದ್ದರು.

"ಏನ್ರೀ ಇದು ಅನ್ಯಾಯ!" ಎಂದು ಗುಡುಗಿದೆ.

ಅಕ್ಕ ಕೈ ಝಾಡಿಸಿ ಎದ್ದರು. "ಸಾಹೇಬ್ರೇ, ನೀವು ಯಾಕೆ ಹತ್ತಲ್ಲ ಅಂತ ನಾವು ಒಂದಿನಾನೂ ಕೇಳಲಿಲ್ಲ. ಇವತ್ತೂ ಕೇಳಲ್ಲ. ಬಂದ್ರೆ ಬನ್ನಿ. ಬರದಿದ್ರೆ ನಿಮ್ಮಷ್ಟು ಜಾಗ ಖಾಲಿ ಬಿಟ್ಟು ನಾವು ಇಳೀತೀವಿ. ಸಹಿ ಆಗದಿದ್ರೆ ಆಗ್ಲಿಲ್ಲ. ಆದ್ರೆ ಆ ಜಾಗದಲ್ಲಿ ಇನ್ಮೇಲೆ ಮರಳು ಇಡಲ್ಲ."

ಮಾವ ಮಡಚಿದ ಟೈಯನ್ನು ನನ್ನ ಕೈಗೆ ಕೊಟ್ಟರು. "ಗಂಟು ಸರಿಯಾಗಿ ಹಾಕ್ಕೊಳ್ಳಿ" ಎಂದರು, ಅಷ್ಟೇ. ನಾನೀಗ ಕಟ್ಟಿಕೊಂಡಿರುವುದು ಆ ಟೈಯೇ. ಮರಳು ಉದುರುತ್ತಿದೆ, ಕುತ್ತಿಗೆ ಕೆರೆಯುತ್ತಿದೆ.

ಅಧ್ಯಕ್ಷೆಯವರೇ, ಈಗ ತಮ್ಮ ಉತ್ತರ. ಚಂದ್ರ ಹೇಗೆ ಇಳಿದ?

ಅಮ್ಮನ ದೊಡ್ಡ ಸಂಭಾಷಣೆ ನಡೆಯುತ್ತಿತ್ತು. ಸಭೆಯ ಮುಂದೆ ಮಹಾರಾಣಿ ನ್ಯಾಯ ಕೇಳುವ ದೃಶ್ಯ. ನಡುವೆ ಒಂದು ಕ್ಷಣ ಅಮ್ಮ ಪರದೆಯ ಕಡೆ ನೋಡಿದರು, ಗೂಟ ಕಂಡಿತು, ಗೂಟದ ಪಕ್ಕ ಯಾರೂ ಇಲ್ಲದ್ದು ಕಂಡಿತು. ಸಂಭಾಷಣೆಯನ್ನು ಅರ್ಧಕ್ಕೆ ನಿಲ್ಲಿಸಿದರು. ರಾಜನನ್ನು, ಮಂತ್ರಿಯನ್ನು, ತುಂಬಿದ ಪ್ರೇಕ್ಷಕರನ್ನು ಬಿಟ್ಟು, ಕಿರೀಟ ಸಮೇತ ಪರದೆಯ ಮರೆಗೆ ನಡೆದರು. ಆ ಗಂಟನ್ನು ಹಲ್ಲಿನಿಂದ ಬಿಡಿಸಿದರು. ಅಪ್ಪನ ತೋಳು ಹಿಡಿಯುತ್ತಿದ್ದ ಭಾರ ಅದು. ಅಮ್ಮನ ಕೈಯಲ್ಲಿ ಹಗ್ಗ ಜಾರಿತು, ನಾನು ಒಂದಾಳುದ್ದ ಬಿದ್ದೆ, ನಿಂತೆ. ಅಮ್ಮ ಹಿಡಿದಿದ್ದರು. "ಕಣ್ಣು ಮುಚ್ಚಬೇಡ ಮಗಾ, ನನ್ನ ಕಿರೀಟ ನೋಡ್ತಾ ಇಳಿ" ಎಂದರು. ಕಿರೀಟ ನೋಡುತ್ತ ಇಳಿದೆ. ನನ್ನ ಕಾಲು ನೆಲಕ್ಕೆ ತಾಗಿದ ಮೇಲೆ ಅಮ್ಮ ರಂಗಕ್ಕೆ ಮರಳಿ, ಬಿಟ್ಟ ಮಾತಿನಿಂದಲೇ ಮುಂದುವರಿಸಿದರು. ಆ ದೃಶ್ಯದಲ್ಲಿ ಅವರು ಎರಡೂ ಕೈ ಚಾಚಿ ನ್ಯಾಯ ಬೇಡಬೇಕಿತ್ತು. ಅಂದು ಮುಷ್ಟಿ ಬಿಗಿಹಿಡಿದೇ ಬೇಡಿದರು. ಎಂಥ ಅಭಿನಯ ಎಂದು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಂಗೈಯ ಚರ್ಮ ಹಗ್ಗದಲ್ಲೇ ಉಳಿದಿದ್ದು ನನಗೊಬ್ಬನಿಗೇ ಗೊತ್ತಿತ್ತು.

ಇಷ್ಟು ವರ್ಷ ಈ ಕಥೆಯನ್ನು ನಾನು ಹಿಂಬಾಗಿಲಿನ ತನಕ ಮಾತ್ರ ನೆನೆಯುತ್ತಿದ್ದೆ, ಮೇಡಂ. ಮುಂದಿನದನ್ನು ಇವತ್ತು ತಾವು ಕೇಳಿದಿರಿ ಎಂದು ಹೇಳಿದೆ. ಹೇಳುವಾಗ ನನಗೇ ಹೊಸದೆನಿಸಿತು.

ಮಾವ, ನಿಮ್ಮನ್ನೊಂದು ಕೇಳಬೇಕು. ನೀವು ಮೇಲಿನ ಕೋಣೆಯಲ್ಲಿ ಉಳಿಯುವುದಿಲ್ಲ ತಾನೇ? ಹಗ್ಗ ಬಿಗಿದವರು ಹೊರಗೆ ನಿಲ್ಲುವ ಪದ್ಧತಿ ನಿಮ್ಮಲ್ಲಿಲ್ಲ, ಅಲ್ಲವೆ? ಒಳಗೇ, ನನ್ನ ಪಕ್ಕದಲ್ಲೇ? ಸರಿ. ತಲೆಯಾಡಿಸಿದಿರಿ, ಕಂಡಿತು.

ಹಾಗಾದರೆ ಸಲಕರಣೆಗಳನ್ನು ಹೊರಗಿಡುವ ಹೊತ್ತಾಯಿತು. ಇಗೋ, ಈ ಮೇಜಿನ ಮೇಲೆ ಇಡುತ್ತಿದ್ದೇನೆ. ಟಾರ್ಚು. ನಗಬೇಡಿ. ಸೀಟಿ, ಜೋರಾಗಿ ಊದುವಂಥದ್ದು. ಜೇಬಿನಲ್ಲಿ ಹಿಡಿಯುವಷ್ಟು ಬಿಸ್ಕತ್ತು. ಒಂದು ನೀರಿನ ಬಾಟಲಿ, ಅದಾಗಲೇ ಮುಗಿದಿದೆ. ಇದು ಬೀಸಣಿಗೆ, ನನ್ನ ಮಗಳು ಬೆಳಿಗ್ಗೆ ಸದ್ದಿಲ್ಲದೆ ನನ್ನ ಕೋಟಿನ ಜೇಬಿಗೆ ತುರುಕಿದ್ದು. ಮತ್ತು ಈ ಭಾಷಣದ ಹಾಳೆಗಳು. ಇನ್ನೂ ಇಷ್ಟು ದಪ್ಪ ಉಳಿದಿವೆ, ನೋಡಿ. ಕಾರ್ಯದರ್ಶಿಗಳು ಹೆದರಬೇಡಿ, ಇವನ್ನೂ ಇಲ್ಲೇ ಇಡುತ್ತೇನೆ. ಕೈ ಖಾಲಿ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ಅಧ್ಯಕ್ಷೆಯವರಿಗೆ, ಚೀಲವನ್ನು ಇನ್ನೂ ತೆರೆಯದ ಹಿರಿಯ ಅಧಿಕಾರಿಗಳಿಗೆ, ಮೊಣಕಾಲು ನೋವನ್ನು ಮರೆತು ನಕ್ಕ ನಿವಾಸಿಗಳಿಗೆ, ನನ್ನ ಜಾಗವನ್ನು ಒಂದು ವರ್ಷ ಕಾಯ್ದಿಟ್ಟ ಮೋಟಾರು ಮಾವನಿಗೆ, ಲೆವೆಲ್‌ಗೆ, ಕೆಳಗೆ ಹೂಕುಂಡಗಳಲ್ಲಿ ವಿಶ್ರಾಂತಿ ಪಡೆಯುತ್ತಿರುವ ಸಾಹೇಬರಿಗೆ ಕೃತಜ್ಞತೆಗಳು. ಎಲ್ಲರಿಗೂ ನನ್ನ ನಮಸ್ಕಾರ.

ಬಾಗಿಲಕ್ಕ, ಬಾಗಿಲು ಹಿಡ್ಕೊಂಡಿರಿ. ಬಂದೆ.